ಏಳು ವರ್ಷದ ಮಗಳಿಗೆ ಪುರುಡು

…ಅಥವಾ ಆ ಚೀಲ ಅಷ್ಟು ಚಿಕ್ಕದಾಗಿರಲಿಲ್ಲವೇನೋ. ಅರ್ಧ ಲೋಟ ಕಾಫಿಯಷ್ಟೂ ಇರಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗ ಎರಡು ಬೆರಳುಗಳನ್ನು ಹತ್ತಿರ ತಂದು ಅಳತೆಯನ್ನೂ ತೋರಿಸುತ್ತೇನೆ. ವರ್ಷ ಕಳೆದ ಹಾಗೆ ಆ ಬೆರಳುಗಳ ನಡುವಿನ ಜಾಗ ಕಿರಿದಾಗುತ್ತಿರುವುದು ನನಗೇ ಕಾಣುತ್ತದೆ. ಹೆಂಡತಿ ಒಪ್ಪುವುದಿಲ್ಲ. "ಚಿಕ್ಕದೇನಲ್ಲ, ಸರಿಯಾಗೇ ಇತ್ತು. ನಿಮಗೆ ಕತೆ ಚೆನ್ನಾಗಿರ್ಬೇಕು ಅಷ್ಟೇ," ಎನ್ನುತ್ತಾಳೆ. ಇರಬಹುದು. ಚೀಲದ ಬಣ್ಣ ಕಪ್ಪಿಗೆ ತಿರುಗಿದ ಕೆಂಪು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಅದರಲ್ಲಿದ್ದದ್ದು ಯಾವುದೋ ಮಗುವಿನ ಹೊಕ್ಕುಳಬಳ್ಳಿಯ ರಕ್ತ. ಆ ಮಗು ಹುಟ್ಟಿ, ಬಳ್ಳಿ ಕತ್ತರಿಸಿದ ಮೇಲೆ ಬಳ್ಳಿಯಲ್ಲೂ ಮಾಸಿನಲ್ಲೂ ಉಳಿದಿದ್ದದ್ದು. ಸಾಮಾನ್ಯವಾಗಿ ಅದನ್ನು ಚೆಲ್ಲಿಬಿಡುತ್ತಾರೆ. ಆ ತಾಯಿ ಮಾತ್ರ ಚೆಲ್ಲಬೇಡಿ, ಯಾರಿಗಾದರೂ ಆಗಲಿ ಎಂದು ಒಪ್ಪಿಗೆ ಕೊಟ್ಟಿರಬೇಕು. ಎಷ್ಟೋ ಕಾಲ ಅದನ್ನು ಕಡುಶೀತದಲ್ಲಿ ಘನೀಕರಿಸಿ ಕಾಪಾಡಿ ಇಟ್ಟಿದ್ದರಂತೆ.

ನನ್ನ ಮಗಳಿಗೆ ಆಗ ಏಳು ವರ್ಷ. ಹುಟ್ಟಿನಿಂದಲೇ ಅವಳ ಮೂಳೆಯೊಳಗಿನ ಮಜ್ಜೆ ರೋಗವನ್ನು ತಡೆಯುವ ಕಣಗಳನ್ನು ಸರಿಯಾಗಿ ತಯಾರಿಸುತ್ತಿರಲಿಲ್ಲ. ಬೇರೆ ಮಕ್ಕಳು ಮೂಗು ಒರೆಸಿಕೊಂಡು ಆಡಿಕೊಂಡಿರುವಂಥ ನೆಗಡಿ ಇವಳನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸುತ್ತಿತ್ತು. ಮೂರನೇ ಸಲ ನ್ಯುಮೋನಿಯಾ ಆದಾಗ ಡಾಕ್ಟರು, ಕಡಿಮೆ ಮಾತಿನ ಹೆಂಗಸು, ಹಳೆಯ ಮಜ್ಜೆಯನ್ನು ಔಷಧ ಕೊಟ್ಟು ಅಳಿಸಿ ಹೊಸದನ್ನು ಬೆಳೆಸದೆ ದಾರಿಯಿಲ್ಲ ಎಂದರು. ಮನೆಯವರಲ್ಲಿ ಯಾರದೂ ಹೊಂದಲಿಲ್ಲ. ಹೊಂದಿದ್ದು ಆ ಚೀಲ.

ಅದು ಕೊಳವೆಯಲ್ಲಿ ಇಳಿಯುತ್ತಿದ್ದಾಗ ನಾನು ಡಾಕ್ಟರನ್ನು ಕೇಳಿದೆ, ಇದರಲ್ಲಿ ರೋಗ ತಡೆಯುವ ಕಣಗಳು ಎಷ್ಟಿವೆ ಎಂದು.

"ನಿಮಗೆ ಬೇಕಾದವು ಇದ್ರಲ್ಲಿ ಇನ್ನೂ ಹುಟ್ಟೇ ಇಲ್ಲ," ಎಂದರು. "ಮುಂದೆ ಅವನ್ನ ಹುಟ್ಟಿಸೋ ಮೂಲಕಣಗಳಿವೆ. ಸ್ವಲ್ಪವೇ ಇರ್ತವೆ. ಅವು ಏನು ಬೇಕಾದ್ರೂ ಆಗ್ಬಹುದು. ಕೆಂಪು ಕಣ ಆಗ್ಬಹುದು, ಬಿಳಿ ಕಣ ಆಗ್ಬಹುದು."

"ಮಜ್ಜೆ ಎಲ್ಲಿದೆ ಅಂತ ಅವಕ್ಕೆ ಯಾರು ತೋರಿಸ್ತಾರೆ?"

"ಯಾರೂ ಇಲ್ಲ. ರಕ್ತದಲ್ಲಿ ಸುತ್ತಿ ತಾವೇ ಹೋಗಿ ಸೇರ್ಕೋತವೆ. ಸೇರ್ಕೊಂಡ್ರೆ ನಮ್ಮ ಪುಣ್ಯ."

ಸಂಜೆಗೆ ಮಗಳ ಮೈಯಿಂದ ಬೆಳ್ಳುಳ್ಳಿ ವಾಸನೆ ಬರತೊಡಗಿತು. ರಕ್ತ ಕೆಡದಂತೆ ಬೆರೆಸಿದ್ದ ಔಷಧ ಉಸಿರಿನಲ್ಲಿ ಹೊರಬರುವಾಗ ಹಾಗಾಗುತ್ತದೆ, ಗಾಬರಿ ಬೇಡ ಎಂದು ನರ್ಸ್ ಮೊದಲೇ ಹೇಳಿದ್ದರು. ನನ್ನ ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಮಾಸ್ಕು, ಗೌನು ಎಲ್ಲ ತೊಡಿಸಿಕೊಂಡು ಮೊಮ್ಮಗಳ ಗಾಜಿನ ಕೋಣೆಗೆ ಕಾಲಿಟ್ಟವಳೇ ನಿಂತುಬಿಟ್ಟಳು.

"ಅಯ್ಯೋ, ಇದೇನೋ ಇದು, ಬಾಣಂತಿ ಕೋಣೆ ಇದ್ದ ಹಾಗಿದೆ!"

ಮಗಳು ಅಷ್ಟು ಸುಸ್ತಿನಲ್ಲೂ ನಕ್ಕಳು. "ಅಜ್ಜಿ, ನಾನು ಬಾಣಂತೀನೋ, ಪಾಪೂನೋ?"

"ಎರಡೂ ನೀನೇ ಕಣೇ," ಎಂದಳು ಅಮ್ಮ.

ಈ ಮಾತು ಆಡಿದ್ದು ಅಮ್ಮನೇ, ಇದು ಖಚಿತ. ಯಾಕೆಂದರೆ ಆಮೇಲೆ ಆದದ್ದಕ್ಕೆಲ್ಲ "ನೀನೇ ಶುರು ಮಾಡಿದ್ದು" ಎಂದು ನಾನು ಅವಳನ್ನು ದೂರಿದ್ದೇನೆ.

ನಾಲ್ಕನೇ ವಾರದಲ್ಲಿ ರಕ್ತಪರೀಕ್ಷೆಯಲ್ಲಿ ಮೊದಲ ಬಿಳಿ ಕಣಗಳು ಕಾಣಿಸಿಕೊಂಡವು. ಗಾಯಕ್ಕೆ, ಕೀವಿಗೆ ಮೊದಲು ಓಡಿಬರುವ ಜಾತಿಯವು. ಬೇಗ ಹುಟ್ಟುತ್ತವೆ, ಬೇಗ ಸಾಯುತ್ತವೆ. ಅವುಗಳ ಹಿಂದೆ ವೈರಸ್ ಹೊಕ್ಕ ಕಣಗಳನ್ನು ಕೊಲ್ಲುವ ಇನ್ನೊಂದು ಜಾತಿ. ನಿಜವಾದ ಕಾಯುವಿಕೆ ಇದ್ದದ್ದು ಮೂರನೆಯದಕ್ಕೆ. ಆ ಕಣಗಳ ಪೂರ್ವಜರು ಮಜ್ಜೆಯಿಂದ ಹೊರಟು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಹೋಗಬೇಕು. ಯಾವುದು ತನ್ನ ಮೈ, ಯಾವುದು ಹೊರಗಿನದು ಎಂದು ಗುರುತು ಹಿಡಿಯುವುದು ಅಲ್ಲಿ ಆಗುವ ಕೆಲಸ. ತಪ್ಪಿದವನ್ನು ಗ್ರಂಥಿ ಅಲ್ಲೇ ಮುಗಿಸಿಬಿಡುತ್ತದೆ. ಹೋದವುಗಳಲ್ಲಿ ಬಹುಪಾಲು ಹೊರಬರುವುದೇ ಇಲ್ಲ. ಇದಕ್ಕೆಲ್ಲ ತಿಂಗಳುಗಳು ಬೇಕು. ಪುಸ್ತಕಗಳು ಇದನ್ನು ಸೈನ್ಯ, ಕವಾಯತು, ಕಾವಲು ಎಂದು ಬರೆಯುತ್ತವೆ. ನನಗೆ ಆ ಹೋಲಿಕೆ ಹಿಡಿಸಲಿಲ್ಲ. ಬೇರೆ ಹೋಲಿಕೆ ಹುಡುಕಿದೆ, ಸಿಕ್ಕಿದ್ದೆಲ್ಲ ಸುಳ್ಳಾಗಿ ಕಂಡಿತು. ಕಣಗಳು ಏನೂ ಕಲಿಯುವುದಿಲ್ಲ. ಕೆಲವು ಉಳಿಯುತ್ತವೆ, ಅಷ್ಟೇ.

ಎರಡೂವರೆ ತಿಂಗಳಾದ ಮೇಲೆ ಮಗಳನ್ನು ಶಂಕರಪುರಂನ ಮನೆಗೆ ಕರೆತಂದೆವು. ಡಾಕ್ಟರು ಕೊಟ್ಟ ಪಟ್ಟಿಯಲ್ಲಿ ಮೊದಲನೆಯದು: ಹೊರಗಿನವರು ಯಾರೂ ಬರಬಾರದು. ಅದರ ಕೆಳಗೆ, ಹೂವು ಬೇಡ, ಹಸಿ ತರಕಾರಿ ಬೇಡ, ಕುದಿಸಿ ಆರಿಸಿದ ನೀರು, ಆಗಷ್ಟೇ ಮಾಡಿದ ಬಿಸಿ ಅಡುಗೆ. ಅಮ್ಮ ಪಟ್ಟಿಯನ್ನು ಓದಿಸಿ ಕೇಳಿದಳು. "ಇದ್ರಲ್ಲಿ ಹೊಸದೇನಿದೆ? ಬಾಣಂತನಕ್ಕೆ ನಾವು ಮಾಡೋದು ಇದೇ ತಾನೆ?" ಎಂದು ಒಳಗೆ ಹೋಗಿ ಪಾತ್ರೆಗಳನ್ನು ಕುದಿಯುವ ನೀರಿಗೆ ಹಾಕಿದಳು.

ಹೂವು, ಹಸಿ ತರಕಾರಿ ನಿಲ್ಲಿಸುವುದು ಕಷ್ಟವಾಗಲಿಲ್ಲ. ಜನರನ್ನು ನಿಲ್ಲಿಸುವುದು ಹೇಗೆ? ನಮ್ಮ ಬಳಗದಲ್ಲಿ ಕಾಯಿಲೆ ಬಿದ್ದವರನ್ನು ನೋಡಲು ಹೋಗದಿದ್ದರೆ ಅದು ಮದುವೆಗೆ ಹೋಗದ್ದಕ್ಕಿಂತ ದೊಡ್ಡ ತಪ್ಪು. ಇನ್‌ಫೆಕ್ಷನ್ ಎಂದರೆ "ನಾವು ದೂರದಲ್ಲೇ ನಿಂತ್ಕೋತೀವಿ" ಎನ್ನುತ್ತಾರೆ. ಡಾಕ್ಟರು ಬೇಡ ಎಂದಿದ್ದಾರೆ ಎಂದರೆ "ಡಾಕ್ಟ್ರು ಹಂಗೇ ಹೇಳೋದು" ಎನ್ನುತ್ತಾರೆ. ಮನೆಗೆ ಬಂದ ಮೊದಲ ದಿನವೇ ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮ ಎಂದರೆ ತೀರಿಹೋದ ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪನದು ತರಗುಪೇಟೆಯಲ್ಲಿ ಒಣಮೆಣಸಿನಕಾಯಿ, ಬೇಳೆಗಳ ಸಗಟು ಮಂಡಿ.

"ನಾಳೆ ಬೆಳಿಗ್ಗೆ ಬರ್ತೀವಿ ಕಣೋ, ಎಲ್ರೂ."

"ಬೇಡ ದೊಡ್ಡಮ್ಮ. ಅವಳಿಗೆ ಇನ್ನೂ ಶಕ್ತಿ ಬಂದಿಲ್ಲ."

"ಅದಕ್ಕೇ ಬರೋದು. ಸೊಪ್ಪಿನ ಸಾರು ತರ್ತೀನಿ."

ನನಗೆ ಆ ಬೆಳ್ಳುಳ್ಳಿ ವಾಸನೆ ನೆನಪಾಯಿತು. ನಂಬಿಕೆಯಿಲ್ಲದವನು ನಾನು. ಆದರೂ ಬಾಯಿಗೆ ಬಂದದ್ದು ಇದು: "ನೋಡಿ ದೊಡ್ಡಮ್ಮ, ಅವಳಿಗೆ ಹಾಕಿರೋದು ಆಗ ತಾನೆ ಹುಟ್ಟಿದ ಮಗುವಿನ ರಕ್ತ. ಮೈಯಲ್ಲಿ ಎಲ್ಲ ಹೊಸದಾಗಿ ಹುಟ್ತಾ ಇದೆ. ಪುರುಡು ಅಂತಾನೇ ಇಟ್ಕೊಳ್ಳಿ."

ಆ ಕಡೆಯಿಂದ ದೊಡ್ಡಮ್ಮ ದನಿ ತಗ್ಗಿಸಿ, "ಹಂಗಾ? ಮೊದಲೇ ಹೇಳ್ಬಾರ್ದಾ? ಆಯ್ತು ಬಿಡು, ಯಾರೂ ಬರಲ್ಲ," ಎಂದಳು.

ಯಾರೂ ಬರಲಿಲ್ಲ. ಡಾಕ್ಟರ ಪಟ್ಟಿಗೆ ಬಗ್ಗದ ಬಳಗ ಒಂದು ಮಾತಿಗೆ ಬಗ್ಗಿತು. ವಾಟ್ಸಾಪ್ ಗುಂಪಿನಲ್ಲಿ ದೊಡ್ಡಮ್ಮನೇ ಎಲ್ಲರಿಗೂ ತಿಳಿಸಿದಳು. ಹೆರಿಗೆಯಾದ ಮನೆಗೆ ಪುರುಡು ಕಳೆಯುವವರೆಗೆ ಯಾರೂ ಕಾಲಿಡುವುದಿಲ್ಲ, ಅದರಲ್ಲಿ ಚರ್ಚೆಯೇ ಇಲ್ಲ. ನಾನು ಬಾಗಿಲು ಮುಚ್ಚಿ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ. ಹತ್ತು ದಿನ ಮನೆಯಲ್ಲಿ ಮಗಳು ಚಿತ್ರ ಬರೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟು ನೆಮ್ಮದಿಯ ದಿನಗಳು ಅವು, ಅಥವಾ ಮುಂದಿನದರ ಪಕ್ಕ ಇಟ್ಟು ನೋಡುವುದರಿಂದ ಹಾಗೆ ಕಾಣುತ್ತವೆ.

ಪುರುಡಿಗೆ ಕೊನೆಯ ದಿನ ಎಂಬುದೊಂದಿದೆ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಅಮ್ಮನಿಗೆ ಗೊತ್ತಿತ್ತು. ನನಗೂ ಗೊತ್ತಿರುತ್ತದೆ ಎಂದುಕೊಂಡಿದ್ದಳು.

ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತಟ್ಟಿದರು. ತೆಗೆದರೆ ಮೆಟ್ಟಿಲ ತುಂಬ ಜನ. ದೊಡ್ಡಪ್ಪ, ದೊಡ್ಡಮ್ಮ, ಅವರ ಸೊಸೆಯರು, ಮೊಮ್ಮಕ್ಕಳು. ಎಲ್ಲರೂ ತಲೆಗೆ ಸ್ನಾನ ಮಾಡಿ ಬಂದಿದ್ದರು. ಒಬ್ಬರ ಕೈಯಲ್ಲಿ ಒಬ್ಬಟ್ಟಿನ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಹೊಸ ಫ್ರಾಕು. ದೊಡ್ಡಮ್ಮನ ಕೈಯಲ್ಲಿ ನೀರಿನ ಬಾಟಲಿಯಲ್ಲಿ ಗಂಜಲ.

"ಸರ್ಕೋ ಸರ್ಕೋ, ಮೊದ್ಲು ಪುರುಡು ತೆಗೆಯೋಣ," ಎನ್ನುತ್ತ ನಾನು ಬಾಯಿ ತೆರೆಯುವಷ್ಟರಲ್ಲಿ ತುಳಸಿ ಕಡ್ಡಿ ಅದ್ದಿ ಹೊಸಿಲಿಗೆ, ನನ್ನ ಮೇಲೆ, ಒಳಗಿನ ಹಜಾರಕ್ಕೆ ಚಿಮುಕಿಸಿಬಿಟ್ಟಳು.

"ದೊಡ್ಡಮ್ಮ, ನಿಲ್ಲಿ! ಅದು ನಾನು ಸುಮ್ನೆ ಹೇಳಿದ್ದು!"

"ಸುಮ್ನೆ ಹೇಳೋ ಮಾತೇನೋ ಅದು?" ಎಂದರು ದೊಡ್ಡಪ್ಪ. "ದಾಯಾದಿಗಳು ನಾವು, ನಮಗೂ ಪುರುಡು ಅಂತ ಹತ್ತು ದಿನದಿಂದ ಮಂಡೀಲಿ ದೀಪ ಹಚ್ಚಿಲ್ಲ. ಊದಿನಕಡ್ಡೀನೂ ಇಲ್ಲ. ಪಕ್ಕದ ಅಂಗಡಿಯವ್ರು ಯಾರಿಗೆ ಮಗು ಅಂತ ಕೇಳ್ತಾ ಇದಾರೆ!" ಎಂದು ನಗಲು ಹೋಗಿ ಕೆಮ್ಮಿದರು. ಒಂದು ಸಲ ಅಲ್ಲ, ಬಗ್ಗಿ, ಗೋಡೆ ಹಿಡಿದು ಕೆಮ್ಮಿದರು.

ನನ್ನ ಮುಖ ನೋಡಿ, "ಏ, ಇದು ಮೆಣಸಿನಕಾಯಿ ಕೆಮ್ಮು ಕಣಪ್ಪ. ಹೊಸ ಮೂಟೆ ಬಂದಿದೆ, ಅದರ ಘಾಟು," ಎಂದರು.

ಈ ಕ್ಷಣದಲ್ಲಿ ಮಗಳು ಎಲ್ಲಿದ್ದಳು? ನನ್ನ ನೆನಪಿನಲ್ಲಿ ಅವಳು ಹಜಾರದ ಆ ತುದಿಯಲ್ಲಿ, ಅಜ್ಜಿಯ ಸೆರಗು ಹಿಡಿದು, ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು ನಿಂತಿದ್ದಾಳೆ. ಹೆಂಡತಿ ಹೇಳುವಂತೆ, ಬಾಗಿಲು ತಟ್ಟಿದ ತಕ್ಷಣ ತಾನು ಅವಳನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದಳು. ಹಾಗಿದ್ದರೆ ನಾನು ನೋಡಿದ್ದು ಯಾರನ್ನು? ಈಗ ಹತ್ತು ದಾಟಿರುವ ಮಗಳನ್ನೇ ಕೇಳಿದರೆ, ದೊಡ್ಡತಾತ ತನಗೆ ಕೈಯಾರೆ ಒಬ್ಬಟ್ಟಿನ ತುಂಡು ಕೊಟ್ಟರು, ತಿಂದೆ, ಏಲಕ್ಕಿ ಜಾಸ್ತಿ ಇತ್ತು ಎನ್ನುತ್ತಾಳೆ. ಒಂದು ವರ್ಷದ ಹಿಂದೆ ಕೇಳಿದಾಗ ಒಬ್ಬಟ್ಟಿನ ಮಾತೇ ಇರಲಿಲ್ಲ.

ಐದು ನಿಮಿಷದಲ್ಲಿ ಎಲ್ಲರನ್ನೂ ಹೊರಗೆ ಕಳಿಸಿದೆ. ಕಳಿಸಿದ್ದು ನಾನಲ್ಲ, ಅಮ್ಮ. ಹೊಸಿಲ ಮೇಲೆ ನಿಂತು ಎರಡೂ ಕೈ ಅಡ್ಡ ಹಿಡಿದಳು. ದೊಡ್ಡಮ್ಮ ಮುಖ ಊದಿಸಿಕೊಂಡು ಒಬ್ಬಟ್ಟಿನ ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟು ಹೋದಳು. ನಾನು ಹೆಂಡತಿ ಸೇರಿ ಮಧ್ಯಾಹ್ನದವರೆಗೆ ನೆಲ ಒರೆಸಿದೆವು.

ಮೂರನೇ ದಿನ ಮಗಳಿಗೆ ಜ್ವರ ಬಂತು.

ಹೊಸ ಮಜ್ಜೆಯ ಮಗುವಿಗೆ ಜ್ವರ ಎಂದರೆ ಕಾದು ನೋಡುವುದು ಎಂಬ ಮಾತಿಲ್ಲ. ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ಮತ್ತದೇ ಗಾಜಿನ ಕೋಣೆ. ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಮೂಗಿನಿಂದ ಮಾದರಿ ತೆಗೆಸಿದರು. ಹೊರಗೆ ಬಂದು, "ಮನೆಗೆ ಯಾರಾದ್ರೂ ಬಂದಿದ್ರಾ?" ಎಂದು ಕೇಳಿದರು.

"ಇಲ್ಲ," ಎಂದೆ ನಾನು.

ಎಷ್ಟು ಸಲೀಸಾಗಿ ಬಂತು ಆ ಮಾತು.

"ಬಂದಿದ್ರು ಡಾಕ್ಟ್ರೇ," ಎಂದಳು ಪಕ್ಕದಲ್ಲಿದ್ದ ಅಮ್ಮ. "ಮನೆ ಮಂದಿಯೆಲ್ಲ ಬಂದಿದ್ರು, ಗಂಜಲಾನೂ ಚಿಮುಕಿಸಿದ್ರು. ಪುರುಡು ಅಂತ ಇವನೇ ಹೇಳಿದ್ದು. ಹನ್ನೊಂದನೇ ದಿನ ಬರದೆ ಇನ್ನೇನು ಮಾಡ್ತಾರೆ?"

ಡಾಕ್ಟರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, "ನನ್ನನ್ನ ಕೇಳಿದ್ರೆ ಈ ಪುರುಡು ನೂರು ದಿನ ಅಂತ ಹೇಳಿ ಅಂತಿದ್ದೆ," ಎಂದರು. "ಬಂದವ್ರಲ್ಲಿ ಯಾರಿಗಾದ್ರೂ ನೆಗಡಿ, ಕೆಮ್ಮು?"

ಮೆಣಸಿನಕಾಯಿ ಘಾಟಿನ ವಿಷಯ ಹೇಳಿದೆ. ಅವರು ಬರೆದುಕೊಂಡರು.

ಮಾದರಿಯಲ್ಲಿ ಸಿಕ್ಕಿದ್ದು ಸಾಧಾರಣ ನೆಗಡಿಯ ವೈರಸ್ಸು. ಹೆಸರು ಕೇಳಿದರೆ ಯಾರಿಗೂ ಭಯವಾಗದಂಥದ್ದು, ಇವಳನ್ನು ಮೂರು ಸಲ ಮಲಗಿಸಿದ್ದಂಥದ್ದು. ಅದಕ್ಕೆ ಔಷಧ ಇರಲಿಲ್ಲ. ಬೇರೆ ಸೋಂಕು ಸೇರಿಕೊಳ್ಳದಿರಲಿ ಎಂದು ಡ್ರಿಪ್ಪಿನಲ್ಲಿ ಏನೇನೋ ಹಾಕಿದರು. "ಇನ್ನು ಅವಳ ಕಣಗಳೇ ಕೆಲಸ ಮಾಡ್ಬೇಕು," ಎಂದರು ಡಾಕ್ಟರು. ಅವಳ ಕಣಗಳು ಎಂದರೆ ಮೂರು ತಿಂಗಳ ಹಿಂದೆ ಚೀಲದಲ್ಲಿದ್ದವುಗಳ ಮಕ್ಕಳು ಮೊಮ್ಮಕ್ಕಳು. ವೈರಸ್ಸು ಶ್ವಾಸಕೋಶಕ್ಕೆ ಇಳಿಯುವ ಮೊದಲು ಅದನ್ನು ತಡೆಯುವಷ್ಟು ಅವು ಬೆಳೆದಿವೆಯೇ? ಪರೀಕ್ಷೆಯಲ್ಲಿ ಅವುಗಳ ಸಂಖ್ಯೆ ಕಡಿಮೆಯೇ ಇತ್ತು. ಸಂಖ್ಯೆ ನೋಡಿ ಏನೂ ಹೇಳಲಾಗದು ಎಂದರು.

ಎರಡನೇ ದಿನ ಬೆಳಿಗ್ಗೆ ಕಾಫಿಗೆಂದು ಕೆಳಗಿಳಿದರೆ ಆಸ್ಪತ್ರೆಯ ಗೇಟಿನ ಹೊರಗೆ ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದರು. ಮಂಡಿಗೆ ಹೋಗುವ ಬಿಳಿ ಅಂಗಿಯಲ್ಲೇ. ಒಳಗೆ ಬರಲಿಲ್ಲ, ಬರುತ್ತೇನೆಂದು ಕೇಳಲೂ ಇಲ್ಲ. ನಾನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತೆ.

"ಹೆಂಗಿದಾಳೆ?"

"ಹಂಗೇ ಇದೆ."

"ಲೋ, ನಂದು ಮೆಣಸಿನಕಾಯಿ ಕೆಮ್ಮೇ ಕಣೋ. ಮೂವತ್ತು ವರ್ಷದಿಂದ ಇದೆ. ನಿಮ್ಮಪ್ಪನಿಗೂ ಇತ್ತು."

"ಹೂಂ."

"ನಂಬಿಕೆ ಇಲ್ದಿದ್ರೆ ಒಳಗೆ ಕರ್ಕೊಂಡ್ಹೋಗಿ ಮೂಗಿಗೆ ಆ ಕಡ್ಡಿ ಹಾಕ್ಸು. ಟೆಸ್ಟ್ ಮಾಡ್ಸು. ಗೊತ್ತಾಗ್ಲಿ."

ಅವರು ಎದ್ದು ನಿಂತಿದ್ದರು, ನಿಜವಾಗಿಯೂ ಬರಲು ತಯಾರಾಗಿ. ಪರೀಕ್ಷೆ ಮಾಡುವ ಕಿಟಕಿ ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರ. ನಾನು ಬೇಡ ಎಂದೆ. ಯಾಕೆ ಬೇಡ ಎಂದೆ ಎಂಬುದಕ್ಕೆ ಆಮೇಲೆ ಎಷ್ಟೋ ಕಾರಣ ಜೋಡಿಸಿದ್ದೇನೆ. ಅವರಿಗೆ ವೈರಸ್ಸು ಇದೆ ಎಂದು ಬಂದರೆ ಆ ಮನುಷ್ಯ ಅದನ್ನು ಹೊತ್ತುಕೊಂಡು ಬದುಕಬೇಕಿತ್ತು ಎಂಬುದು ಒಂದು. ಅದು ಉದಾರವಾಗಿ ಕೇಳಿಸುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಇಲ್ಲ ಎಂದು ಬಂದರೆ? ಆಗ ಜ್ವರ ತಂದವನು ನಾನೇ ಇರಬಹುದಿತ್ತು. ಪ್ರತಿದಿನ ಔಷಧದಂಗಡಿಗೆ, ತರಕಾರಿಗೆ ಹೊರಗೆ ಹೋಗಿ ಬರುತ್ತಿದ್ದವನು ಮನೆಯಲ್ಲಿ ನಾನೊಬ್ಬನೇ.

"ಬೇಡ ಬಿಡಿ ದೊಡ್ಡಪ್ಪ, ಮನೆಗೆ ಹೋಗಿ," ಎಂದೆ. ಅವರು ಹೋಗಲಿಲ್ಲ. ಮೂರು ದಿನ ಅಲ್ಲೇ ಕೂತರು. ಮಧ್ಯಾಹ್ನ ದೊಡ್ಡಮ್ಮ ಬುತ್ತಿ ತಂದುಕೊಟ್ಟು, ನನ್ನೊಂದಿಗೆ ಮಾತಾಡದೆ ಹೋಗುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ ಹೆಂಡತಿ ನನ್ನ ಭುಜ ಅಲ್ಲಾಡಿಸಿದಳು. ಕುರ್ಚಿಯಲ್ಲೇ ತೂಕಡಿಸಿದ್ದೆ. "ರೀ, ಮುಟ್ಟಿ ನೋಡಿ." ಮಗಳ ಹಣೆ ಒದ್ದೆಯಾಗಿತ್ತು, ತಣ್ಣಗಿತ್ತು. ನರ್ಸ್ ಬಂದು ಥರ್ಮಾಮೀಟರ್ ನೋಡಿ ಇನ್ನೊಮ್ಮೆ ಇಟ್ಟರು. ಮತ್ತೆ ನೋಡಿ ನಕ್ಕರು. ಎದೆಯ ಎಕ್ಸ್‌ರೇ ಚೊಕ್ಕವಾಗಿತ್ತು. ಮಗಳು ಕಣ್ಣು ಬಿಟ್ಟು ಮೊದಲು ಕೇಳಿದ್ದು ಖಾರಾಬಾತು.

ನಾನು ಮೆಟ್ಟಿಲಿಳಿದು ಗೇಟಿಗೆ ಓಡಿದೆ. ದೊಡ್ಡಪ್ಪ ನನ್ನ ಓಟ ಕಂಡು ತಪ್ಪು ತಿಳಿದಿರಬೇಕು, ಕಟ್ಟೆ ಹಿಡಿದುಕೊಂಡರು. "ಇಳೀತು, ಜ್ವರ ಇಳೀತು," ಎಂದು ದೂರದಿಂದಲೇ ಕೂಗಿದೆ. ಅವರು ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತರು. ಟವೆಲಿನೊಳಗಿಂದಲೇ, "ಹೋಗಿ ದೀಪ ಹಚ್ತೀನಿ ಕಣೋ," ಎಂದರು. ಎದ್ದು ಹೋಗುವಾಗ ಕೆಮ್ಮುತ್ತಲೇ ಹೋದರು. ಅವತ್ತು ಆ ಕೆಮ್ಮು ಕೇಳಿ ನನಗೆ ನಗು ಬಂತು. ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗಾಗಿ, ಗೇಟಿನ ಕಾವಲುಗಾರನ ಮುಂದೆ ಒಬ್ಬನೇ ನಿಂತು ನಕ್ಕೆ.

ಮತ್ತೆ ಕೆಲವು ತಿಂಗಳ ಮೇಲೆ ಡಾಕ್ಟರು ಇನ್ನೊಂದು ವರದಿಯನ್ನು ಮೇಜಿನ ಮೇಲೆ ನಮ್ಮ ಕಡೆಗೆ ತಿರುಗಿಸಿ ಒಂದು ಸಾಲಿನ ಕೆಳಗೆ ಪೆನ್ನಿಟ್ಟರು. ಥೈಮಸ್‌ನಿಂದ ಹೊಸದಾಗಿ ಹೊರಬಿದ್ದ ಕಣಗಳು. ಇವು ಚೀಲದಲ್ಲಿ ಬಂದವಲ್ಲ. ಚೀಲದಲ್ಲಿ ಬಂದವುಗಳ ಪೀಳಿಗೆ, ಆದರೆ ಹುಟ್ಟಿ ಬೆಳೆದದ್ದು, ಆಯ್ಕೆಯಾದದ್ದು ಈ ಮಗುವಿನ ಎದೆಯೊಳಗೆ. "ಇನ್ನು ಜನ ಬರಬಹುದು," ಎಂದರು. "ಗಂಜಲ ಮಾತ್ರ ಬೇಡ."

ಹಳೆಯ ಮಜ್ಜೆಯ ಜೊತೆ ಹಳೆಯ ಲಸಿಕೆಗಳ ಗುರುತೂ ಹೋಗಿತ್ತು. ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕಿತ್ತು. ಚಾಮರಾಜಪೇಟೆಯ ಮಕ್ಕಳ ಕ್ಲಿನಿಕ್ಕಿನಲ್ಲಿ ಕಂಕುಳಲ್ಲಿ ಎಳೆಗೂಸು ಹಿಡಿದ ತಾಯಂದಿರ ಸಾಲಿನಲ್ಲಿ ನಾವೂ ಕೂತೆವು. ಪಕ್ಕದ ಹೆಂಗಸು ನಮ್ಮ ಕೈಯಲ್ಲಿದ್ದ ಹೊಚ್ಚ ಹೊಸ ಲಸಿಕೆ ಕಾರ್ಡು ನೋಡಿ, "ಪಾಪು ಎಲ್ಲಿ?" ಎಂದು ಕೇಳಿದಳು.

"ನಾನೇ ಆಂಟಿ," ಎಂದಳು ಮಗಳು. ಸೂಜಿ ಚುಚ್ಚಿದಾಗ ಆ ಸಾಲಿನಲ್ಲಿ ಅಳದೆ ಇದ್ದವಳು ಅವಳೊಬ್ಬಳೇ.

ಈಗ ಅವಳಿಗೆ ನೆಗಡಿಯಾದರೆ ಎರಡು ದಿನ ಮೂಗು ಒರೆಸಿಕೊಂಡು ಶಾಲೆಗೆ ಹೋಗುತ್ತಾಳೆ. ನನಗೆ ಅಷ್ಟೇ ಬೇಕಿತ್ತು.

ಆ ಬಳ್ಳಿ ಯಾವ ತಾಯಿಯದು ಎಂದು ನಮಗೆ ಹೇಳುವುದಿಲ್ಲ, ಅದು ನಿಯಮ. ಆ ಜ್ವರವನ್ನು ಇಳಿಸಿದ್ದು ಆ ಹೊಸ ಕಣಗಳೋ, ಅಥವಾ ಅದು ಹೇಗಿದ್ದರೂ ಇಳಿಯುತ್ತಿತ್ತೋ, ಡಾಕ್ಟರಿಗೂ ಖಚಿತವಿಲ್ಲ. ಜ್ವರ ಬಂದದ್ದು ದೊಡ್ಡಪ್ಪನಿಂದಲೋ ನನ್ನಿಂದಲೋ, ಅದನ್ನು ತಿಳಿಯಬಹುದಿತ್ತು, ಇಪ್ಪತ್ತು ಹೆಜ್ಜೆ ಅಷ್ಟೇ. ನಾನು ಬೇಡ ಎಂದೆ. ಈಗ ನನಗೆ ಗೊತ್ತಿಲ್ಲ.